ಟೋಸ್ಟರಕ್ಕನಿಗೆ ಅಡುಗೆಮನೆಯ ತನಕ ದಾರಿ ಬಿಡಿ

ಬೆಳಕು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಓಣಿಯ ಕೊನೆಯ ಮನೆಯಲ್ಲಿ ಅಡುಗೆಕೋಣೆಯ ದೀಪ ಮಾತ್ರ ಉರಿಯುತ್ತಿದೆ. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿದೆ. ಅದರ ಮೇಲೆ ತಲೆಕೆಳಗಾಗಿ ಮಲಗಿರುವ ಟೋಸ್ಟರಿನ ಬೆನ್ನನ್ನು ಒಬ್ಬ ಹೆಂಗಸು ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದಾರೆ, ಹಾಲು ಕುಡಿದ ಕೂಸಿಗೆ ತೇಗು ತರಿಸುವ ಹಾಗೆ. ತಟ್ಟಿದಷ್ಟೂ ಪುಡಿ ಉದುರುತ್ತದೆ. ಬ್ರೆಡ್ಡಿನ ಚೂರು, ಸುಟ್ಟ ಕರಿ, ಒಂದು ಒಣದ್ರಾಕ್ಷಿ, ಕೊನೆಗೆ ಟಣ್ಣೆಂದು ಒಂದು ಗುಂಡಿ.

"ಅಂಗಿ ಗುಂಡಿ ಯಾರದಮ್ಮ ಇದು?"

"ಅಯ್ಯೋ, ನಮ್ಮನೆಯವರದ್ದು! ಹೋದ ವರ್ಷದಿಂದ ಹುಡುಕ್ತಿದ್ದೆ. ಇಸ್ತ್ರಿಯವನ ಮೇಲೆ ಗೂಬೆ ಕೂರಿಸಿ, ಬಾಯಿಗೆ ಬಂದ ಹಾಗೆ ಬೈದಿದ್ದೆ" ಎಂದು ಮನೆಯಾಕೆ ನಗುತ್ತಾರೆ.

"ಹಾಗಾದ್ರೆ ಅವನಿಗೆ ಒಂದು ಮಾತು ಹೇಳ್ಬಿಡಿ."

"ಬಿಡಿ, ಅವನು ಯಾವತ್ತೋ ಮರ್ತಿರ್ತಾನೆ."

"ಬೈದವರು ಮರೀತಾರಮ್ಮ, ಬೈಸ್ಕೊಂಡವರು ಮರೆಯಲ್ಲ. ಹೇಳ್ಬಿಡಿ."

ಮನೆಯಾಕೆಯ ನಗು ಅಲ್ಲಿಗೇ ನಿಲ್ಲುತ್ತದೆ. ಬೈಸಿಕೊಳ್ಳುವುದು ಏನೆಂದು ಈಚೆಗಷ್ಟೇ ಚೆನ್ನಾಗಿ ಕಲಿತವರ ಮಾತು ಅದು ಎಂದು ಆಕೆಗೂ ಗೊತ್ತು, ಈ ಓಣಿಗೂ ಗೊತ್ತು.

ಸುತ್ತಲಿನ ಬೀದಿಗಳಲ್ಲಿ ಇವರನ್ನು ಕರೆಯುವುದು ಟೋಸ್ಟರಕ್ಕ ಎಂದು. ಇಸ್ತ್ರಿಪೆಟ್ಟಿಗೆ, ಕೆಟಲ್ಲು, ಟೇಬಲ್ ಫ್ಯಾನು ಯಾವುದಕ್ಕೂ ಇಲ್ಲ ಅನ್ನುವವರಲ್ಲ. ಆದರೂ ಹೆಸರು ಮಾತ್ರ ಟೋಸ್ಟರಿಗೇ ಅಂಟಿಕೊಂಡಿದೆ. "ಫ್ಯಾನ್ ಕೆಟ್ರೆ ಜನ ಕಿಟಕಿ ತೆಗೀತಾರೆ. ಟೋಸ್ಟರ್ ಕೆಡೋದು ಹೊಟ್ಟೆ ಹಸಿದಾಗ. ಅದಕ್ಕೇ ನನ್ನ ನೆನಪು ಎಲ್ಲರಿಗೂ ಹಲ್ಲುಜ್ಜೋಕೆ ಮುಂಚೆ ಬರುತ್ತೆ" ಎಂದು ನಗುತ್ತಾರೆ. ಹಾಗಾಗಿ ಅವರ ದಿನ ಶುರುವಾಗುವುದು ಕತ್ತಲು ಹರಿಯುವ ಹೊತ್ತಿಗೆ. ಎಲ್ಲರೂ ಕೆಲಸಕ್ಕೆ ಹೊರಡುವುದರೊಳಗೆ ಮೂರು ಮನೆಯಾದರೆ ಅದು ಒಳ್ಳೆಯ ದಿನ.

ತಟ್ಟಿದ್ದು ಮುಗಿಯಿತು. ಈಗ ಪ್ಲಗ್ಗನ್ನು ಎಳೆದು ತಂದು ಪತ್ರಿಕೆಯ ಮೇಲೆ, ಮೂಗಿನ ನೇರಕ್ಕೆ ಇಟ್ಟುಕೊಳ್ಳುತ್ತಾರೆ. ಬಿಚ್ಚುವ ಮುನ್ನ ಪ್ಲಗ್ಗು ಕಣ್ಣೆದುರು ಇರಲೇಬೇಕು. "ಸ್ವಿಚ್ ಆಫ್ ಮಾಡಿದ್ದೀನಿ ಅಂತ ದೇವರೇ ಬಂದು ಹೇಳಿದ್ರೂ ನಾನು ನಂಬಲ್ಲ. ಅವನಿಗೆ ನೂರು ಕೆಲಸ, ಮರೆತಿರಬಹುದು." ಹೀಗೆ ಹೇಳುವವರು ಸ್ಕ್ರೂಡ್ರೈವರ್ ಎತ್ತುವ ಮೊದಲು ಕಣ್ಣು ಮುಚ್ಚಿ ಅದೇ ದೇವರಿಗೆ ಎರಡು ಮಾತು ಹೇಳುತ್ತಾರೆ. ಏನು ಹೇಳಿದರೆಂದು ಕೇಳಿದರೆ, "ಕೈ ನಿಂದು, ಕಣ್ಣು ನಂದು ಅಂತ" ಎನ್ನುತ್ತಾರೆ.

ಈ ಟೋಸ್ಟರಿನ ಕಾಯಿಲೆ ತೀರ ಸಾಮಾನ್ಯದ್ದು: ಹಿಡಿ ಒತ್ತಿದರೆ ಕೆಳಗೆ ನಿಲ್ಲುವುದಿಲ್ಲ. ಹಿಡಿಯ ಬುಡದಲ್ಲಿ ಒಂದು ಪುಟ್ಟ ವಿದ್ಯುತ್ ಅಯಸ್ಕಾಂತವಿದೆ. ಬ್ರೆಡ್ಡಿನ ತೊಟ್ಟಿಲು ಕೆಳಗಿಳಿದಾಗ ಅದನ್ನು ಕಚ್ಚಿ ಹಿಡಿಯುವುದು, ಹೊತ್ತಾದಾಗ ಬಿಟ್ಟು ಮೇಲೆ ಚಿಮ್ಮಿಸುವುದು ಅದರ ಕೆಲಸ. ನಡುವೆ ಸಾಸಿವೆಯಷ್ಟು ಬ್ರೆಡ್ಡಿನ ಚೂರು ಸಿಕ್ಕಿಕೊಂಡರೂ ಹಿಡಿತ ತಪ್ಪುತ್ತದೆ. ಟೋಸ್ಟರಕ್ಕ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ಗುಡಿಸಿ, ಕಪ್ಪಾದ ತಾಮ್ರದ ತುದಿಗಳನ್ನು ಉಜ್ಜುಕಾಗದದಿಂದ ಸವರಿ, ಊದಿ, ಮುಚ್ಚುತ್ತಾರೆ. ಅಲ್ಲಿಗೆ ಬೇರೆ ಯಾರಾದರೂ ಚೀಲ ಎತ್ತಿಕೊಂಡು ಹೊರಡುತ್ತಿದ್ದರು. ಇವರು ಕೈಕಟ್ಟಿ ಗೋಡೆಗೆ ಒರಗಿ ನಿಲ್ಲುತ್ತಾರೆ.

"ಈಗ ನೀವು ಮಾಡಿ. ನಾನಿದ್ದೀನಿ ಅಂತ ನಾಚ್ಕೋಬೇಡಿ. ದಿನಾ ಹೇಗೆ ಮಾಡ್ತೀರೋ ಹಾಗೇ."

ಇದು ಅವರ ವ್ರತ. ಯಾರ ಮನೆಯ ಟೋಸ್ಟರನ್ನೂ ತಮ್ಮ ಮನೆಗೆ ಹೊತ್ತೊಯ್ಯುವುದಿಲ್ಲ. ಅದು ದುಡಿಯುವ ಅಡುಗೆಮನೆಯಲ್ಲೇ ಬಿಚ್ಚುತ್ತಾರೆ. ಕೊನೆಗೆ ದಿನಾ ಅದನ್ನು ಒತ್ತುವ ಕೈಯೇ ಒತ್ತುವುದನ್ನು ನೋಡದೆ ಹೊಸ್ತಿಲು ದಾಟುವುದಿಲ್ಲ. ಒಂದು ಮನೆಯಲ್ಲಿ ಯಂತ್ರ ಸರಿಯಾಗಿತ್ತು, ಮನೆಯೊಡೆಯ ಎಡಗೈಯಲ್ಲಿ ಓರೆಯಾಗಿ ಒತ್ತುತ್ತಿದ್ದ. ಇನ್ನೊಂದು ಮನೆಯಲ್ಲಿ ಮೇಲಿನ ಕಪಾಟಿನಲ್ಲಿ ತೊಳೆದಿಟ್ಟ ಲೋಟಗಳಿಂದ ಟೋಸ್ಟರಿನೊಳಕ್ಕೆ ಹನಿ ಬೀಳುತ್ತಿತ್ತು. "ಯಂತ್ರವೂ ಸುಳ್ಳು ಹೇಳಲ್ಲ, ಜನರೂ ಸುಳ್ಳು ಹೇಳಲ್ಲ. ಆದ್ರೆ ಇಬ್ಬರೂ ಸೇರಿದಾಗ ಏನಾಗುತ್ತೆ ಅಂತ ಇಬ್ಬರಿಗೂ ಗೊತ್ತಿರಲ್ಲ. ಅದನ್ನ ನಿಂತೇ ನೋಡ್ಬೇಕು."

ಈ ಕಣ್ಣು ಅವರಿಗೆ ಬಂದದ್ದು ಕಾರ್ಖಾನೆಯಿಂದ. ಪ್ರಾಯದಲ್ಲಿ ಟೋಸ್ಟರ್ ಜೋಡಿಸುವ ಕಡೆ ಕೆಲಸಕ್ಕಿದ್ದರು. ಸಾಲಿನ ಕೊನೆಯ ಮೇಜು ಅವರದು. ಬಂದ ಟೋಸ್ಟರನ್ನೆಲ್ಲ ಒತ್ತಿ, ಹಿಡಿಯಿತೋ ಇಲ್ಲವೋ ನೋಡಿ ಮುಂದೆ ತಳ್ಳುವುದು. ವರ್ಷಗಟ್ಟಲೆ ಒತ್ತಿದ ಬಲಗೈ ಹೆಬ್ಬೆರಳು ಈಗಲೂ ಸ್ವಲ್ಪ ಹಿಂದಕ್ಕೆ ಬಾಗಿದೆ. ಬೆರಳ ತುದಿಗಳು ಕಾದ ತಂತಿ ಮುಟ್ಟಿ ಮುಟ್ಟಿ ಮರಗಟ್ಟಿವೆ, ಬಿಸಿ ಲೋಟ ಹಿಡಿದರೂ ತಿಳಿಯುವುದಿಲ್ಲ. ಒಂದು ಬೆಳಿಗ್ಗೆ ಕೆಲಸಕ್ಕೆ ಹೋದರೆ ಕಾರ್ಖಾನೆಯ ಬಾಗಿಲಿಗೆ ಬೀಗ. ಒಳಗೆ ಬಿಟ್ಟ ಚಪ್ಪಲಿ, ಊಟದ ಡಬ್ಬಿ ಕೂಡ ಕೈಗೆ ಸಿಗಲಿಲ್ಲ. ಬರಿಗೈಯಲ್ಲಿ ವಾಪಸಾದ ಆ ವಾರವೇ ಪಕ್ಕದ ಮನೆಯ ಟೋಸ್ಟರ್ ಕೆಟ್ಟಿತು. "ದೇವರು ಒಂದು ಬಾಗಿಲಿಗೆ ಬೀಗ ಹಾಕಿಸಿದ, ಅಡುಗೆಮನೆ ಬಾಗಿಲೆಲ್ಲ ತೆಗೆಸಿದ ಅಂದ್ಕೊಂಡೆ. ಬಾಗಿಲು ಮುಚ್ಚೋರು ಇಲ್ಲೂ ಇರ್ತಾರೆ ಅಂತ ಆಗ ಗೊತ್ತಿರಲಿಲ್ಲ."

ಮೊದಲು ಮುಚ್ಚಿದ್ದು ಯಂತ್ರ ಮಾಡುವವರೇ. ಹಿಂದೆ ತಳದಲ್ಲಿ ನಾಲ್ಕು ತಿರುಪು ಬಿಚ್ಚಿದರೆ ಟೋಸ್ಟರ್ ತನ್ನ ಹೊಟ್ಟೆ ತೆರೆದು ತೋರಿಸುತ್ತಿತ್ತು. ಈಗ ತಿರುಪಿನ ಜಾಗದಲ್ಲಿ ತಗಡನ್ನೇ ಮಡಚಿ ಬಡಿದಿರುತ್ತಾರೆ. ತಿರುಪು ಇದ್ದರೂ ಅದರ ತಲೆ ಯಾವ ಸ್ಕ್ರೂಡ್ರೈವರಿಗೂ ಬಗ್ಗದ ಆಕಾರದ್ದು. ಮೇಲೆ ಕೆಂಪು ಚೀಟಿ: ಬಿಚ್ಚಬಾರದು. ಒಳಗಿನ ಬಿಡಿಭಾಗ ಕೇಳಿದರೆ ಮಾರುವುದಿಲ್ಲ, ಹೊಸದು ತೊಗೊಳ್ಳಿ ಎನ್ನುತ್ತಾರೆ. ಸಾಸಿವೆಯಷ್ಟು ಬ್ರೆಡ್ಡಿನ ಚೂರಿಗಾಗಿ ಒಂದು ಇಡೀ ಯಂತ್ರ ಕಸದ ರಾಶಿಗೆ ಹೋಗುತ್ತದೆ. ಈ ಮಾತು ಬಂದರೆ ಟೋಸ್ಟರಕ್ಕನಿಗೆ ಮೈಯೆಲ್ಲ ಉರಿ. "ಬಿಚ್ಚೋಕೆ ಬರದ ಹಾಗೆ ಮಾಡೋಕೂ ಯಾರೋ ಬುದ್ಧಿವಂತ ಕೂತು ತಲೆ ಕೆಡಿಸ್ಕೊಂಡಿರ್ತಾನಲ್ಲ! ಆ ಬುದ್ಧೀನ ಸ್ಪ್ರಿಂಗಿಗೆ ಹಾಕಿದ್ರೆ ಅದು ಕೆಡ್ತಾನೇ ಇರ್ಲಿಲ್ಲ." ಭೂಮಿಯ ಹೊಟ್ಟೆ ಬಗೆದು ತೆಗೆದ ಲೋಹಕ್ಕೆ ಒಂದು ಆಯುಸ್ಸು ಇದೆ. ಅದನ್ನು ಬೇಕೆಂದೇ ಮೊಟಕು ಮಾಡುವುದು ಪಾಪವಲ್ಲದೆ ಮತ್ತೇನು?

ಮನೆಯಲ್ಲಿ ವ್ಯಾನ್ ಓಡಿಸುವ ಗಂಡ ಇದ್ದಾರೆ, ಹಲ್ಲಿಲ್ಲದ ಅತ್ತೆ ಇದ್ದಾರೆ. ಪ್ರತಿ ಮನೆಯಲ್ಲೂ ಪರೀಕ್ಷೆಗೆಂದು ಸುಟ್ಟ ಬ್ರೆಡ್ಡನ್ನು ಟೋಸ್ಟರಕ್ಕ ಕಾಗದದಲ್ಲಿ ಸುತ್ತಿ ತರುತ್ತಾರೆ. ಅತ್ತೆ ಅದನ್ನು ಚಹಾದಲ್ಲಿ ಅದ್ದಿ, ಬಣ್ಣ ನೋಡಿ, ತಿಂದು ತೀರ್ಪು ಕೊಡುತ್ತಾರೆ. "ಈ ಮನೇಲಿ ಉಳಿದವರು ತಿಂಡಿ ತಿಂತಾರೆ, ನಾನು ಕೆಲಸ ಮಾಡ್ತೀನಿ" ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಾರೆ.

ಟೋಸ್ಟರಕ್ಕ ಹೋಗುವ ಅಡುಗೆಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ದೊಡ್ಡ ರಸ್ತೆಯ ಪಕ್ಕದ ಎತ್ತರದ ಕಟ್ಟಡವೊಂದರಲ್ಲಿ. ವರ್ಷಗಳಿಂದ ಅಲ್ಲಿನ ಮೆಟ್ಟಿಲು ಹತ್ತಿ ಇಳಿದವರು ಟೋಸ್ಟರಕ್ಕ. ಹೀಗಿರುವಾಗ ನಿವಾಸಿಗಳ ಸಂಘ ಹೊಸ ನಿಯಮ ತಂದಿತು. ಕೆಲಸದವರು, ರಿಪೇರಿಯವರು ಮೇಲೆ ಹೋಗುವ ಹಾಗಿಲ್ಲ. ಸಾಮಾನು ಕೆಳಗೆ ಬರುತ್ತದೆ, ಗೇಟಿನ ಪಕ್ಕದ ಕಾವಲುಗಾರನ ಗೂಡಿನಲ್ಲಿ ಕೂತು ಸರಿಮಾಡಿ ಕೊಡಬೇಕು. ಕಾರಣ ಕೇಳಿದ್ದಕ್ಕೆ ಬಂದ ಉತ್ತರ: ಸುರಕ್ಷತೆ. ಯಾರಿಂದ ಯಾರ ಸುರಕ್ಷತೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ.

ಆ ನಿಯಮ ಬಂದ ವಾರವೇ ಮೂರನೇ ಮಹಡಿಯ ಡ್ರಾಯಿಂಗ್ ಮೇಷ್ಟ್ರ ಟೋಸ್ಟರ್ ಲಿಫ್ಟಿನಲ್ಲಿ ಒಂಟಿಯಾಗಿ ಇಳಿದು ಬಂತು. ಮೇಷ್ಟ್ರಿಗೆ ವಯಸ್ಸಾಗಿದೆ. ಹೆಂಡತಿ ಗಾಲಿಕುರ್ಚಿ ಬಿಟ್ಟು ಏಳಲಾರರು. ಬೆಳಗಿನ ಟೋಸ್ಟು, ಚಹಾ, ಹೆಂಡತಿಯ ತಲೆ ಬಾಚುವುದು, ಎಲ್ಲ ಮೇಷ್ಟ್ರೇ. ತಿಂಗಳುಗಳಿಂದ ಹಿಡಿ ನಿಲ್ಲುತ್ತಿಲ್ಲ ಎಂದು ಕಾವಲುಗಾರನ ಬಾಯಲ್ಲಿ ಹೇಳಿ ಕಳಿಸಿದ್ದರು. ಟೋಸ್ಟರಕ್ಕ ಗೂಡಿನಲ್ಲಿ ಮೊಣಕಾಲ ಮೇಲೆ ಇಟ್ಟುಕೊಂಡು ಬಿಚ್ಚಿ, ಗುಡಿಸಿ, ಉಜ್ಜಿ ಸರಿಮಾಡಿದರು. ಅಲ್ಲೇ ಪ್ಲಗ್ಗು ಹಾಕಿ ನೋಡಿದರು. ಹಿಡಿ ನಿಂತಿತು, ಹೊತ್ತಾದಾಗ ಚಿಮ್ಮಿತು.

"ಮೇಷ್ಟ್ರನ್ನ ಒಂದ್ಸಲ ಕೆಳಗೆ ಕರೀರಿ, ಅವರು ಒತ್ತೋದನ್ನ ನೋಡ್ಬೇಕು."

"ಹೆಂಡತೀನ ಬಿಟ್ಟು ಹೇಗೆ ಬರ್ತಾರಕ್ಕ? ಸರಿಯಾಯ್ತಲ್ಲ, ಕೊಡಿ" ಎಂದ ಕಾವಲುಗಾರ.

ಟೋಸ್ಟರಕ್ಕ ಕೊಟ್ಟರು. ಅದೊಂದು ಸಲ ವ್ರತ ತಪ್ಪಿತು.

ಮರುದಿನ ಬೆಳಿಗ್ಗೆಯೇ ಮೇಷ್ಟ್ರ ಅಡುಗೆಮನೆಗೆ ಬೆಂಕಿ ಬಿತ್ತು. ಗೋಡೆ ಕರಕಲಾಯಿತು, ಕಪಾಟಿನ ಬಾಗಿಲು ಹೊತ್ತಿತು, ಹೊಗೆಯಲ್ಲಿ ಕೆಮ್ಮುತ್ತಿದ್ದ ಹೆಂಡತಿಯನ್ನು ನೆರೆಯವರು ಕುರ್ಚಿ ಸಮೇತ ಎತ್ತಿ ಹೊರಗೆ ತಂದರು. ಜೀವಕ್ಕೇನೂ ಆಗಲಿಲ್ಲ, ದೇವರು ದೊಡ್ಡವನು. ಕಂಪನಿಯ ಸರ್ವಿಸಿನವನು ಬಂದು, ಸುಟ್ಟ ಟೋಸ್ಟರನ್ನು ಕೈಯಲ್ಲೂ ಮುಟ್ಟದೆ, ಮಡಚಿದ ತಗಡು ಎದ್ದಿರುವುದನ್ನು ದೂರದಿಂದಲೇ ನೋಡಿ, "ಹೊರಗಿನವರು ಬಿಚ್ಚಿದ್ದಾರೆ, ನಮ್ಮ ಜವಾಬ್ದಾರಿಯಲ್ಲ" ಎಂದು ಕೈ ತೊಳೆದುಕೊಂಡ. ಸಂಜೆಯೊಳಗೆ ಎಲ್ಲ ಮಹಡಿಗಳ ಲಿಫ್ಟಿನ ಪಕ್ಕ ದಪ್ಪ ಅಕ್ಷರದ ಹಾಳೆ ಅಂಟಿತು: ಟೋಸ್ಟರ್ ರಿಪೇರಿ ಮಾಡುವ ಹೆಂಗಸಿನಿಂದ ಬೆಂಕಿ ಅನಾಹುತವಾಗಿದೆ, ಆಕೆಗೆ ಯಾರೂ ಕೆಲಸ ಕೊಡಬಾರದು.

ಒಂದು ಮಾತು ಕೇಳಲಿಲ್ಲ. ಕರೆಸಿ ಕೂರಿಸಿ, ನೀವು ಏನು ಮಾಡಿದಿರಿ ಎನ್ನಲಿಲ್ಲ. ಕಳ್ಳನನ್ನಾದರೂ ಬಾಯಿ ಬಿಡಲು ಬಿಡುತ್ತಾರೆ.

ಸುದ್ದಿ ಕಟ್ಟಡ ದಾಟಿ ಬೀದಿಗಳಿಗೂ ಹರಿಯಿತು. ಕರೆಯುವವರು ಕಡಿಮೆಯಾದರು. ಅದಕ್ಕಿಂತ ಹೆಚ್ಚಾಗಿ, ಟೋಸ್ಟರಕ್ಕ ತಾವೇ ಚೀಲ ಗೂಟಕ್ಕೆ ನೇತುಹಾಕಿದರು. "ನನ್ನ ಕೈ ತಪ್ಪಿದ್ರೆ ನಾನು ಇನ್ನು ಯಾರ ಮನೆ ಪ್ಲಗ್ಗೂ ಮುಟ್ಟಲ್ಲ. ತಪ್ಪಿಲ್ಲ ಅಂದ್ರೆ ಯಾರು ಹೇಳಿದ್ರೂ ಬಿಡಲ್ಲ. ಯಾವುದು ಅಂತ ಮೊದಲು ನನಗೆ ಗೊತ್ತಾಗ್ಬೇಕು" ಎಂದು ಗಂಡನಿಗೆ ಹೇಳಿದರು. ಪರೀಕ್ಷೆಯ ಬ್ರೆಡ್ಡು ಬಾರದಿದ್ದುದನ್ನು ಕಂಡು ಅತ್ತೆ, "ನನ್ನ ಕೆಲಸವೂ ಹೋಯ್ತೇನೇ ಹುಡುಗಿ?" ಎಂದರು. ಆ ಮನೆಯಲ್ಲಿ ಅವತ್ತು ಯಾರಿಗೂ ನಗು ಬರಲಿಲ್ಲ.

ಹೋಲಿಸಿ ನೋಡಲು ಅದೇ ಬಗೆಯ ಇನ್ನೊಂದು ಟೋಸ್ಟರನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಟೋಸ್ಟರಕ್ಕ ದಿನಾ ಬೆಳಿಗ್ಗೆ ಆ ಕಟ್ಟಡದ ಗೇಟಿಗೆ ಹೋಗಿ ನಿಂತರು. ಒಂದೇ ಬೇಡಿಕೆ: ಆ ಸುಟ್ಟ ಟೋಸ್ಟರ್ ನೋಡಬೇಕು. ಕಾವಲುಗಾರ ನೆಲ ನೋಡುತ್ತಾ ಇಲ್ಲ ಅನ್ನುತ್ತಿದ್ದ. ಕೊನೆಗೊಂದು ದಿನ ಹೆಂಡತಿಯನ್ನು ನೆರೆಯವರಿಗೆ ಒಪ್ಪಿಸಿ ಬ್ರೆಡ್ಡು ತರಲು ಇಳಿದು ಬಂದ ಮೇಷ್ಟ್ರೇ ಎದುರಾದರು.

"ನೀವೇನಮ್ಮ ಟೋಸ್ಟರ್ ಸರಿಮಾಡಿದವರು? ಇಷ್ಟು ದಿನ ಇಲ್ಲಿ ನಿಂತಿದ್ದೀರಿ ಅಂತ ನನಗೆ ಯಾರೂ ಹೇಳಲಿಲ್ಲವಲ್ಲ! ಬನ್ನಿ ಮೇಲೆ."

"ಸಾರ್, ನಿಯಮ..." ಎಂದ ಕಾವಲುಗಾರ.

"ನಿನ್ನ ನಿಯಮವನ್ನೂ ಕರ್ಕೊಂಡು ಬಾ. ಅದೂ ಒಂದು ಲೋಟ ಚಹಾ ಕುಡಿಯಲಿ."

ಕಾವಲುಗಾರನಿಂದ ಸುದ್ದಿ ತಿಳಿದು ಹಿಂದೆಯೇ ಸಂಘದ ಕಾರ್ಯದರ್ಶಿಯೂ ಬಂದರು.

ಅಡುಗೆಮನೆಯ ಗೋಡೆಯ ಮೇಲೆ ಮಸಿ ನಾಲಿಗೆ ಚಾಚಿತ್ತು. ಕಿಟಕಿಯ ಪಕ್ಕ, ಬೆಳಕು ಬೀಳುವ ಕಡೆ, ಮೇಷ್ಟ್ರ ಹೆಂಡತಿಯ ಗಾಲಿಕುರ್ಚಿ. ಅಲ್ಲೇ ತಲೆ ಬಾಚುವುದರಿಂದ ಕಿಟಕಿಯ ಚಿಲಕಕ್ಕೆ ಎಳೆದರೆ ಹಿಗ್ಗುವ ಆಕೆಯ ನಾಲ್ಕಾರು ಹೇರ್‌ಬ್ಯಾಂಡುಗಳು ನೇತಾಡುತ್ತಿದ್ದವು. ಟೋಸ್ಟರಕ್ಕ ಸುಟ್ಟ ಟೋಸ್ಟರನ್ನು ತಿರುಗಿಸಿ ಮುರುಗಿಸಿ ನೋಡಿದರು. ಸ್ಪ್ರಿಂಗ್ ಮುರಿದಿರಲಿಲ್ಲ. ತಾವು ಉಜ್ಜಿದ ತುದಿಗಳು ಸರಿಯಾಗಿಯೇ ಇದ್ದವು. ಆದರೆ ಹಿಡಿ ಕೆಳಗೇ ಇತ್ತು, ಕರಗಿದ ಪ್ಲಾಸ್ಟಿಕ್ಕಿನಲ್ಲಿ ಹೂತು. ಅಂದರೆ ಬೆಂಕಿ ಹತ್ತುವ ತನಕ ಅದು ಮೇಲೆ ಬಂದಿರಲೇ ಇಲ್ಲ. ಅಯಸ್ಕಾಂತ ಬಿಟ್ಟ ಮೇಲೂ ಯಾವುದೋ ಅದನ್ನು ಕೆಳಗೆ ಹಿಡಿದಿತ್ತು.

ಟೋಸ್ಟರಕ್ಕ ಬಟ್ಟೆಚೀಲದಿಂದ ಆ ಇನ್ನೊಂದು ಟೋಸ್ಟರ್ ತೆಗೆದು ಕಟ್ಟೆಯ ಮೇಲಿಟ್ಟು ಪ್ಲಗ್ಗು ಹಾಕಿದರು. "ಮೇಷ್ಟ್ರೇ, ಅವತ್ತು ನೋಡಬೇಕಾದ್ದನ್ನ ನಾನು ನೋಡದೆ ಬಿಟ್ಟೆ. ಇವತ್ತು ತೋರಿಸಿ. ದಿನಾ ಹೇಗೋ ಹಾಗೇ."

ಮೇಷ್ಟ್ರು ಎರಡು ಬ್ರೆಡ್ಡು ಇಳಿಬಿಟ್ಟರು. ಹಿಡಿ ಒತ್ತಿದರು. ಅದು ಕಚ್ಚಿಕೊಂಡಿತು. ಅವರ ಎಡಗೈ ತಾನಾಗಿ ಕಿಟಕಿಯ ಚಿಲಕಕ್ಕೆ ಹೋಯಿತು, ಒಂದು ನೀಲಿ ಹೇರ್‌ಬ್ಯಾಂಡ್ ತೆಗೆಯಿತು, ಅದನ್ನು ಹಿಡಿಗೆ ಸಿಕ್ಕಿಸಿ ಟೋಸ್ಟರಿನ ಅಡಿಗೆ ಎಳೆದು ಬಿಗಿಯಿತು. ಆಮೇಲೆ ಮೇಷ್ಟ್ರು ಬಾಚಣಿಗೆ ಎತ್ತಿಕೊಂಡು ಹೆಂಡತಿಯ ಕಡೆ ತಿರುಗಿದರು.

ಟೋಸ್ಟರಕ್ಕ ಮೆಲ್ಲನೆ ಹೋಗಿ ಪ್ಲಗ್ಗು ಕಿತ್ತರು. ಮೊದಲು ಮಾತಾಡಿದ್ದು ಕುರ್ಚಿಯಲ್ಲಿದ್ದಾಕೆ.

"ರೀ, ಅದು ತಾನೇ ನಿಂತ್ಕೊಳ್ತಲ್ಲ. ಮತ್ಯಾಕೆ ಕಟ್ಟಿದ್ರಿ?"

"ನಾನು ಕಟ್ಟಿದೆನಾ?" ಎಂದರು ಮೇಷ್ಟ್ರು. ತಮ್ಮ ಎಡಗೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡರು.

ಹಿಡಿ ನಿಲ್ಲದಿದ್ದ ತಿಂಗಳುಗಳಲ್ಲೆಲ್ಲ ಮೇಷ್ಟ್ರು ಹೀಗೇ ಕಟ್ಟುತ್ತಿದ್ದರು. ಆಗ ಪಕ್ಕದಲ್ಲೇ ನಿಂತು, ಬ್ರೆಡ್ಡು ಜೇನಿನ ಬಣ್ಣಕ್ಕೆ ಬರುತ್ತಲೇ ಬಿಚ್ಚುತ್ತಿದ್ದರು. ಟೋಸ್ಟರ್ ಸರಿಯಾಗಿ ಬಂದ ಮೇಲೆ ಇನ್ನು ಕಾಯಬೇಕಿಲ್ಲ ಎಂದು ಮನಸ್ಸು ನಂಬಿತು, ಕಾಲು ಅಲ್ಲಿಂದ ಹೊರಟಿತು, ಬೆನ್ನು ಟೋಸ್ಟರಿನ ಕಡೆಗಾಯಿತು. ಕೈ ಮಾತ್ರ ನಂಬಲಿಲ್ಲ, ಹಳೆಯ ಗಂಟು ಹಾಕಿಬಿಟ್ಟಿತು. ಕೆಟ್ಟ ಟೋಸ್ಟರನ್ನು ವಾತ್ಸಲ್ಯದಿಂದ ಸಾಕಿದವರು ಮಾತ್ರ ಮಾಡಬಹುದಾದ ತಪ್ಪು ಇದು.

"ಅಮ್ಮಾ, ನನ್ನಿಂದ ನಿಮ್ಮ ಹೆಸರು..." ಎಂದು ಮೇಷ್ಟ್ರು ಕೈ ಜೋಡಿಸಿದರು.

"ನೀವು ಸುಮ್ಮನಿರಿ ಮೇಷ್ಟ್ರೇ, ನಿಮ್ಮ ಮೇಲೆ ನನಗೇನೂ ಇಲ್ಲ" ಎಂದವರೇ ಟೋಸ್ಟರಕ್ಕ ಕಾರ್ಯದರ್ಶಿಯ ಕಡೆ ತಿರುಗಿದರು. "ಅವತ್ತು ನನ್ನನ್ನ ಈ ಬಾಗಿಲ ತನಕ ಬಿಟ್ಟಿದ್ರೆ, ಆ ಕೈ ಚಿಲಕಕ್ಕೆ ಹೋಗೋದನ್ನ ನಾನು ಅವತ್ತೇ ನೋಡ್ತಿದ್ದೆ. ನಿಮ್ಮ ಗೇಟಿನ ಗೂಡಲ್ಲಿ ಟೋಸ್ಟರ್ ಕಾಣುತ್ತೆ ಸ್ವಾಮಿ, ಮೇಷ್ಟ್ರು ಕಾಣಲ್ಲ."

"ನಿಯಮ ಮಾಡಿದ್ದು ಎಲ್ಲರ ಸುರಕ್ಷತೆಗೆ..."

"ಈ ಮಾತನ್ನ ಆ ಗೋಡೆ ನೋಡ್ಕೊಂಡು ಹೇಳಿ."

ಕಾರ್ಯದರ್ಶಿ ಗೋಡೆ ನೋಡಲಿಲ್ಲ. ಗಡಿಯಾರ ನೋಡಿಕೊಂಡು ಹೊರಟರು.

ಮರುದಿನ ಲಿಫ್ಟಿನ ಪಕ್ಕದ ಹಾಳೆಗಳು ಸದ್ದಿಲ್ಲದೆ ಮಾಯವಾದವು. ಅಷ್ಟೇ. ಆಕೆಯದು ತಪ್ಪಿರಲಿಲ್ಲ ಎಂದು ಇನ್ನೊಂದು ಹಾಳೆ ಬರಲಿಲ್ಲ. ಹೆಸರು ಕೆಡಿಸಲು ದಪ್ಪ ಅಕ್ಷರ ಸಿಕ್ಕವರಿಗೆ ಅದನ್ನು ತಿದ್ದಲು ಒಂದು ತುಂಡು ಕಾಗದ ಸಿಗಲಿಲ್ಲ. ಪ್ರತಿ ಮಹಡಿಯಲ್ಲೂ ಅಂಟಿನ ಕಲೆ ಈಗಲೂ ಹಾಗೇ ಇದೆ. ನಿಯಮವೂ ಹಾಗೇ ಇದೆ. ತಪ್ಪು ಯಾರದೆಂದು ಕಣ್ಣಾರೆ ಕಂಡ ಮೇಲೂ ಬಾಗಿಲು ತೆರೆಯದವರನ್ನು ಏನೆಂದು ಕರೆಯುವುದು? ಮಾಡಿದ ತಪ್ಪನ್ನು ದೇವರ ಮುಂದೆ ಒಪ್ಪಿಕೊಳ್ಳಲು ಜನ ಮೊಣಕಾಲೂರುತ್ತಾರೆ. ಗೇಟಿನ ಬಳಿ ನಿಂತ ಒಬ್ಬ ಹೆಂಗಸಿನ ಮುಂದೆ ಒಪ್ಪಿಕೊಳ್ಳಲು ಮೊಣಕಾಲೂ ಬೇಕಿರಲಿಲ್ಲ, ಬಾಯಿ ಸಾಕಿತ್ತು.

ಟೋಸ್ಟರಕ್ಕ ಗೂಟದಿಂದ ಚೀಲ ಇಳಿಸಿದ್ದಾರೆ. ಓಣಿಯ ಮನೆಗಳು ಮತ್ತೆ ಕರೆಯುತ್ತಿವೆ. ಕಟ್ಟಡದವರೂ ಕರೆಯುತ್ತಾರೆ. ಆದರೆ ಗೂಡಿನಲ್ಲಿ ಕೂತು ಮಾಡಿಕೊಡಿ ಎಂದರೆ ಇವರು ಸುತರಾಂ ಒಪ್ಪುವುದಿಲ್ಲ. "ನನಗೆ ಲಿಫ್ಟ್ ಬೇಡ, ಕುರ್ಚಿ ಬೇಡ, ಚಹಾನೂ ಬೇಡ. ಅಡುಗೆಮನೆ ತನಕ ದಾರಿ ಬಿಡಲಿ. ಅಷ್ಟೇ ನಾನು ಕೇಳೋದು."

ಇವತ್ತು ಓಣಿಯ ಕೊನೆಯ ಮನೆಯ ಕೆಲಸ ಮುಗಿಸಿ ಅವರು ಹೊರಟಿರುವುದು ಆ ಕಟ್ಟಡಕ್ಕೇ. ಚೀಲದಲ್ಲಿ ಮೇಷ್ಟ್ರಿಗೆಂದು ಎರಡು ಹಳೆಯ ಟೋಸ್ಟರುಗಳ ಒಳ್ಳೆಯ ಭಾಗ ಸೇರಿಸಿ ಕಟ್ಟಿದ ಒಂದು ಟೋಸ್ಟರ್ ಇದೆ. ಗೇಟಿನಲ್ಲಿ ಕಾವಲುಗಾರ ನಗುನಗುತ್ತಾ ಎದ್ದು ಬರುತ್ತಾನೆ.

"ಹೋಗಕ್ಕ, ಹೋಗಿ. ನೆಂಟರು ಬರ್ತಾರೆ ಅಂತ ಮೇಷ್ಟ್ರು ಫೋನ್ ಮಾಡಿದ್ದಾರೆ. ನೆಂಟರಿಗೆ ನಿಯಮ ಇಲ್ಲ."

ಟೋಸ್ಟರಕ್ಕ ಕಾಲು ಮುಂದಿಡುವುದಿಲ್ಲ. "ನೆಂಟಳಾದ್ರೆ ಸ್ಕ್ರೂಡ್ರೈವರ್ ಹಿಡ್ಕೊಂಡು ಬರ್ತಿದ್ನೇನಪ್ಪ? ರಿಪೇರಿಯವಳು ಬಂದಿದ್ದಾಳೆ ಅಂತ ಹೇಳು."

"ಹಾಗೆ ಹೇಳಿದ್ರೆ ಬಿಡೋ ಹಾಗಿಲ್ಲವಲ್ಲಕ್ಕ. ಯಾಕೆ ಸುಮ್ನೆ ಹಟ?"

"ಕಳ್ಳದಾರೀಲಿ ಹೋಗೋಕೆ ನಾನೇನು ಕದಿಯೋಕೆ ಬಂದಿದ್ದೀನಾ? ಹೇಳು, ನಾನು ಕಾಯ್ತೀನಿ."

ಚೀಲ ತೊಡೆಯ ಮೇಲಿಟ್ಟುಕೊಂಡು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂರುತ್ತಾರೆ. ಬಿಸಿಲು ಏರುತ್ತದೆ. ಕಾರುಗಳು ಹೊರಗೆ ಹೋಗುತ್ತವೆ. ಒಳಗಿನವರು ನೋಡಿಯೂ ನೋಡದಂತೆ ದಾಟುತ್ತಾರೆ. ಐದನೇ ಮಹಡಿಯಾಕೆ ಒಬ್ಬರು ಕೆಟ್ಟ ಕೆಟಲ್ಲು ಹಿಡಿದು ಬಂದು, ಇವರ ಮುಖ ನೋಡಿ, ಪಕ್ಕದಲ್ಲೇ ನಿಲ್ಲುತ್ತಾರೆ. ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯುತ್ತದೆ. ಮೇಷ್ಟ್ರು ಗಾಲಿಕುರ್ಚಿ ತಳ್ಳಿಕೊಂಡು ಬರುತ್ತಿದ್ದಾರೆ. ಹೆಂಡತಿಯ ಕೂದಲು ಅರ್ಧ ಬಾಚಿದೆ, ಅರ್ಧ ಗಾಳಿಗೆ ಹಾರುತ್ತಿದೆ.

"ಇವರು ರಿಪೇರಿಯವರು. ನಮ್ಮ ಅಡುಗೆಮನೆಗೆ ಬರ್ತಿದ್ದಾರೆ" ಎನ್ನುತ್ತಾರೆ ಮೇಷ್ಟ್ರು. "ಇಂಟರ್‌ಕಾಮ್ ಎತ್ತಿ ಕಾರ್ಯದರ್ಶಿಗೂ ಹೀಗೇ ಹೇಳು. ಬೇಡ ಅಂದರೆ ನಾವಿಬ್ಬರೂ ಇಲ್ಲೇ ಕೂರ್ತೀವಿ."

"ಆಮೇಲೆ ನಮ್ಮ ಮನೆಗೂ" ಎನ್ನುತ್ತಾರೆ ಕೆಟಲ್ಲಿನಾಕೆ.

ಕಾವಲುಗಾರ ಇಂಟರ್‌ಕಾಮ್ ಎತ್ತಿ, ಹೇಳಿದ್ದನ್ನು ಹೇಳಿದ ಹಾಗೇ ಹೇಳುತ್ತಾನೆ. ಆ ಕಡೆಯಿಂದ ಬೇಡ ಎನ್ನುವ ಮಾತು ಬರುವುದಿಲ್ಲ. ಅವನು ಮೆಲ್ಲಗೆ ಅದನ್ನು ಇಟ್ಟು, ಚಿಕ್ಕ ಬಾಗಿಲು ಬಿಟ್ಟು ದೊಡ್ಡ ಗೇಟಿನ ಅಗುಳಿ ಎಳೆಯುತ್ತಾನೆ.

ಟೋಸ್ಟರಕ್ಕ ಎದ್ದು ಸೀರೆ ಕೊಡವಿಕೊಳ್ಳುತ್ತಾರೆ. ಕುರ್ಚಿಯಲ್ಲಿರುವಾಕೆಯ ಹಾರುವ ಕೂದಲನ್ನೊಮ್ಮೆ, ಮೇಷ್ಟ್ರ ಕೈಯಲ್ಲಿರುವ ನೀಲಿ ಹೇರ್‌ಬ್ಯಾಂಡನ್ನೊಮ್ಮೆ ನೋಡುತ್ತಾರೆ.

"ಮೊದಲು ಅದನ್ನ ಅಮ್ಮನ ತಲೆಗೆ ಹಾಕಿ ಮೇಷ್ಟ್ರೇ. ಹಾಕಿದ್ದನ್ನ ಕಣ್ಣಾರೆ ನೋಡಿದ ಮೇಲೇ ನಾನು ಪ್ಲಗ್ಗು ಚುಚ್ಚೋದು."